ಬಯಾಸಿನಲ್ಲಿದ್ದ ಶಾಂತಾ

ಮಣಿಕೊಂಡದ ಆ ಮನೆಗೆ ಹೋಗಿದ್ದು, ಪದೇ ಪದೇ ತಾನಾಗಿಯೇ ಆಫ್ ಆಗುತ್ತಿದ್ದ ಕಂಪ್ಯೂಟರ್ ರಿಪೇರಿಗೆ. ಬಾಗಿಲು ತೆರೆದ ಶಾಂತಾಬಾಯಿ ನನ್ನ ಕನ್ನಡ ಬೆರೆತ ತೆಲುಗು ಕೇಳಿದ್ದೇ ಕನ್ನಡಕ್ಕೆ ತಿರುಗಿದರು. "ನಮ್ಮ ಮನಿಯವರದರಿ ಇದು. ಅವರು ಹೋಗಿ ವರ್ಷ ಆತು. ಇದನ್ನ ಜೋರ್ ಓಡಸೋದೇ ಅವರಿಗೊಂದು ಹುಚ್ಚು."

ನಿಜ. ಕಂಪ್ಯೂಟರ್ ಶುರುವಾಗುವ ಮೊದಲೇ ಸಿಗುವ ಸೆಟ್ಟಿಂಗ್ ಪರದೆ, ಬಯಾಸ್, ತೆರೆದರೆ, ಪ್ರೊಸೆಸರ್ ಓಡಬೇಕಾದ ವೇಗಗಳನ್ನು ಆ ಮನುಷ್ಯ ಇಂಗ್ಲಿಷ್ ಅಕ್ಷರದಲ್ಲಿ ಹೆಸರಿಟ್ಟು ಉಳಿಸಿದ್ದ. ಫ್ಯಾನ್ ಸದ್ದೇ ಮಾಡದ ನಿಧಾನದ್ದಕ್ಕೆ 'ಶಾಂತಾ ಮಲಗ್ಯಾಳ'. ಮನೆಯೆಲ್ಲ ಗುಂಯ್ಗುಡಿಸುವ ಜೋರಿನದಕ್ಕೆ 'ಶಾಂತಾ ಊರಿಗೆ ಹೋಗ್ಯಾಳ'. ನನಗೆ ನಗು ಬಂತು. ಹೇಳಲು ಸಂಕೋಚವಾಯಿತು.

ದೋಷವಿದ್ದದ್ದು ಮದರ್‌ಬೋರ್ಡಿನೊಳಗೇ ಕೂತು ಈ ಬಯಾಸನ್ನು ನಡೆಸುವ ಹಳೆಯ ತಂತ್ರಾಂಶದಲ್ಲಿ, ಫರ್ಮ್‌ವೇರ್‌ನಲ್ಲಿ. ಅದನ್ನು ಮಾಡುವವರಿಗೆ ಏನು ರೋಗವೋ, ಹೊಸದು ಹಾಕಿದರೆ ಬಯಾಸಿನಲ್ಲಿ ಉಳಿಸಿಟ್ಟದ್ದನ್ನೆಲ್ಲ ಹೆಸರುಗಳ ಸಮೇತ ಒರೆಸಿ ಹಾಕುತ್ತದೆ. ಅದಕ್ಕೇ ಮೊದಲು ಪರದೆಯ ಫೋಟೋ ತೆಗೆದುಕೊಳ್ಳುವುದು ನನ್ನ ರೂಢಿ. ಅವತ್ತು ಶಂಶಾಬಾದಿನಲ್ಲಿ ಇನ್ನೊಂದು ಕೆಲಸ ಕಾಯುತ್ತಿತ್ತು. ಫೋಟೋ ತೆಗೆಯದೆಯೇ ಹೊಸದು ಹಾಕಿಬಿಟ್ಟೆ.

ಕಂಪ್ಯೂಟರ್ ಸರಿಹೋಯಿತು. ಚಹಾ ಕೊಡುತ್ತಾ ಶಾಂತಾಬಾಯಿ ಕೇಳಿದರು: "'ಇದರಾಗ ನಿನ್ನ ಹೆಸರು ಬರದೀನಿ' ಅಂತಿದ್ರು ನಮ್ಮ ಮನಿಯವರು. ಏನು ಬರದೀರಿ ಅಂದ್ರ ನಗ್ತಿದ್ರು, ಹೇಳ್ತಿದ್ದಿಲ್ಲ. ಎಲ್ಲಾ ಫೈಲ್ ತಗದು ನೋಡೀನ್ರಿ, ಸಿಗಲಿಲ್ಲ. ನಿಮಗೇನರ ಕಂಡಿತೇನ್ರಿ?"

ಕಂಡಿತ್ತು ಅಂದರೆ ತೋರಿಸಿ ಅನ್ನುತ್ತಾರೆ. "ಇಲ್ಲ್ರೀ ಅಕ್ಕಾರ," ಅಂದುಬಿಟ್ಟೆ.

ಕಂಪ್ಯೂಟರ್ ಆಮೇಲೆ ಒಮ್ಮೆಯೂ ಆಫ್ ಆಗಿಲ್ಲವಂತೆ. ಅಕ್ಕಪಕ್ಕದ ನಾಲ್ಕು ಮನೆಗೆ ನನ್ನ ನಂಬರ್ ಕೊಟ್ಟಿದ್ದಾರೆ, ಭಾಳ ನಂಬಿಗಸ್ತ ಮನುಷ್ಯಾ ಅಂತ ಹೇಳಿ.