ಫ್ಲೆಕ್ಸಿಗೆ ಹಾಕಿದ ಕತ್ತರಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಮಂದಿಯೆಲ್ಲ ಹೇಳುತ್ತಾರೆ. ಇದ್ದರೆ ಇರಲಿ. ಆದರೆ ಬೇಕಾದ ಹೊತ್ತಿಗೆ ಅದು ಕೈಕೊಡುತ್ತದೆ ಎನ್ನುವುದು ಅವರಿಗೆ ಗೊತ್ತಿಲ್ಲ.

ಕಡೂರಿನಲ್ಲಿ ನಾನು ನೋಡಿಕೊಳ್ಳುವ ಹೊಲಿಗೆ ತರಬೇತಿ ಕೇಂದ್ರಕ್ಕೆ ಪಡುವಣ ಬದಿಯಲ್ಲಿ ನೆಲದಿಂದ ಸೂರಿನವರೆಗೂ ಗಾಜು. ಕಟ್ಟಿದವರಿಗೆ ಚೆಂದ ಕಂಡಿರಬೇಕು. ಮಧ್ಯಾಹ್ನ ಎರಡರ ಮೇಲೆ ಒಳಗೆ ಕೂರುವುದೆಂದರೆ ಉರಿಯುವ ಒಲೆಯ ಮುಂದೆ ಕೂತಂತೆ. ಸಖರಾಯಪಟ್ಟಣದಿಂದ ಬಸ್ಸಿಗೆ ಬರುವ ಹೆಂಗಸರು ಊಟ ಮುಗಿದ ಕೂಡಲೇ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡುತ್ತಿದ್ದರು. ಏಸಿ ಹಾಕಿಸೋಣವೆಂದರೆ ಬೇಸಿಗೆಯಲ್ಲಿ ಕರೆಂಟಿಗೇ ಗತಿಯಿಲ್ಲ.

ಆಗ ಬಂದವಳು ತರೀಕೆರೆಯ ನನ್ನ ತಂಗಿಯ ಮಗಳು. ಆರ್ಕಿಟೆಕ್ಚರ್ ಓದು ಆಗಷ್ಟೇ ಮುಗಿಸಿದ್ದಳು. ಇದೇ ಅವಳ ಮೊದಲ ಕೆಲಸ. ಗಾಜಿನಿಂದ ಒಂದು ಮಾರು ಆಚೆಗೆ, ತಾರಸಿಯಿಂದ ನೆಲದವರೆಗೆ ಬೆರಳು ಗಾತ್ರದ ಉಕ್ಕಿನ ಹಗ್ಗಗಳನ್ನು ಬಿಗಿಸಿ, ನಡುನಡುವೆ ಸಂದಿ ಬಿಟ್ಟು ಜಾಲರಿ ಬಟ್ಟೆಯ ಪಟ್ಟಿಗಳನ್ನು ಕಟ್ಟಿಸಿದಳು. ಪಟ್ಟಿ ಹೊಲಿದವರು ನಮ್ಮ ಹೆಂಗಸರೇ. ಬಿಸಿಲು ಹೊರಗೇ ನಿಂತಿತು. ಆ ಬೇಸಿಗೆಯಲ್ಲಿ ಸಂಜೆ ಐದಾದರೂ ಮೆಷಿನ್ನುಗಳ ಸದ್ದು ನಿಲ್ಲಲಿಲ್ಲ. ಆದರೂ ರಸ್ತೆಯಲ್ಲಿ ನಿಂತು ನೋಡಿದವರು, "ಆಷಾಢದ್ ಗಾಳಿ ಬರ್ಲಿ, ಇದು ಬುಕ್ಕಾಂಬುಧಿ ಕೆರೇಲಿ ಸಿಗುತ್ತೆ" ಎಂದು ನಗುತ್ತಿದ್ದರು.

ಅವಳು ಹೇಳಿಹೋದದ್ದು ಒಂದೇ ಮಾತು: "ದೊಡ್ಡಮ್ಮ, ಇದ್ರ ಮೇಲೆ ಗಾಳಿ ತಡೆಯೋ ಅಂಥದ್ದು ಏನೂ ಕಟ್ಟಿಸ್ಬೇಡ."

ಈ ನೆರಳಿನ ಪರದೆಯ ಉದ್ಘಾಟನೆ ಆಷಾಢ ಹುಟ್ಟುವುದರೊಳಗೆ ಆಗಲಿ ಎಂದು ಕೇಂದ್ರದ ಸಮಿತಿಯ ಅಧ್ಯಕ್ಷರು ಅವಸರ ಮಾಡಿದರು. ಉದ್ಘಾಟನೆಯ ದಿನ ಬೆಳಿಗ್ಗೆ ಅಂಗಳದಷ್ಟು ಅಗಲದ ಫ್ಲೆಕ್ಸ್ ಹೊರಿಸಿಕೊಂಡು ಬಂದು, "ಈ ಹಗ್ಗಕ್ಕೇ ಕಟ್ಟಿಸ್ಲಾ ಮೇಡಂ? ರಸ್ತೆಗೆ ಚೆನ್ನಾಗ್ ಕಾಣುತ್ತೆ" ಎಂದರು. ಫ್ಲೆಕ್ಸಿನ ತುಂಬ ಅವರದೇ ಮುಖ. ಕಟ್ಟಿಸಿ ಸಾರ್ ಎಂದುಬಿಟ್ಟೆ. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರೋಕೆ ಜಾಗ ಇಲ್ಲ ಎನ್ನುವ ಮಾತು ನನ್ನಂಥವರನ್ನು ನೋಡಿಯೇ ಹುಟ್ಟಿರಬೇಕು.

ಹನ್ನೊಂದಕ್ಕೆ ಗಾಳಿ ಎದ್ದಿತು. ಗಾಳಿಯೇನು ಪಂಚಾಂಗ ನೋಡಿಕೊಂಡು ಬರುತ್ತದೆಯೇ? ಫ್ಲೆಕ್ಸ್ ಒಳಗಡೆಗೆ ಉಬ್ಬಿತು, ಅದರೊಂದಿಗೆ ಹಗ್ಗಗಳೂ ಬಾಗಿ ಗುಂಯ್ ಎಂದವು. ಅತಿಥಿಗಳು ಬರಲು ಅರ್ಧ ಗಂಟೆ. ನಮ್ಮ ಹುಡುಗಿ ಇನ್ನೂ ತರೀಕೆರೆ ಬಸ್ಸಿನಲ್ಲಿದ್ದಾಳೆ. ಅವಳ ಮೊದಲ ಕೆಲಸ ಊರವರ ಕಣ್ಣೆದುರು ಕಿತ್ತುಬಂದರೆ, ಅದೂ ನನ್ನ ದೆಸೆಯಿಂದ! ಫ್ಲೆಕ್ಸ್ ಬಿಚ್ಚಿಸೋಣವೆಂದರೆ ಅಷ್ಟು ಹೊತ್ತಿಲ್ಲ.

ರಸ್ತೆಬದಿಯ ಫ್ಲೆಕ್ಸುಗಳಿಗೆ ಗಾಳಿ ಹೋಗಲೆಂದು ಅರ್ಧಚಂದ್ರದಂತೆ ಕೊಯ್ದಿರುವುದು ನೆನಪಾಯಿತು. ಬಟ್ಟೆ ಕತ್ತರಿ ಹಿಡಿದು, ಗಾಜಿಗೂ ಹಗ್ಗಗಳಿಗೂ ನಡುವೆ ಏಣಿ ಹಾಕಿಸಿ ಹತ್ತಿದೆ. ಹೆಂಗಸರು ಕೆಳಗೆ ಏಣಿ ಹಿಡಿದು, "ಬ್ಯಾಡ ಇಳೀರಿ ಮೇಡಂ" ಎಂದು ಕೂಗುತ್ತಿದ್ದರು. ಪಟ್ಟಿಗಳ ಸಂದಿಯಲ್ಲಿ ಕೈ ತೂರಿಸಿ, ಎಟುಕಿದ ಕಡೆಯಲ್ಲೆಲ್ಲ ಕತ್ತರಿಸಿದೆ. ಹಿಂಬದಿಯೆಲ್ಲ ಬರೀ ಬಿಳಿ, ಮುಂದೆ ಏನಿದೆ ಎನ್ನುವ ಯೋಚನೆ ಯಾರಿಗಿತ್ತು? ಗಾಳಿ ನುಗ್ಗಿತು, ಹಗ್ಗಗಳು ನೆಟ್ಟಗಾದವು.

ಇಳಿದು ಬಂದು ರಸ್ತೆಯಿಂದ ನೋಡುತ್ತೇನೆ, ಅಧ್ಯಕ್ಷರ ಮುಖ ಗಲ್ಲದವರೆಗೂ ಸುಲಿದು ಜೋತಾಡುತ್ತಿದೆ. ಅವರೂ ಪಕ್ಕದಲ್ಲೇ ನಿಂತು ನೋಡುತ್ತಿದ್ದರು.

"ಅಷ್ಟ್ ದೊಡ್ಡ ಫ್ಲೆಕ್ಸಲ್ಲಿ ನನ್ ಮುಖಾನೇ ಬೇಕಿತ್ತಾ ಮೇಡಂ?"

"ಹಿಂದ್ಗಡೆಯಿಂದ ಗೊತ್ತಾಗ್ಲಿಲ್ಲ ಸಾರ್," ಎಂದೆ. ಸಮಾರಂಭ ಮುಗಿಯುವವರೆಗೂ ಅವರು ನನ್ನ ಕಡೆ ತಿರುಗಲಿಲ್ಲ.

ಎಲ್ಲರೂ ಹೋದ ಮೇಲೆ ತಂಗಿಯ ಮಗಳ ಮುಂದೆ ಒಪ್ಪಿಕೊಂಡೆ. "ಕಟ್ಟಿಸಿ ಅಂದಿದ್ದು ನಾನೇ ಕಣೇ. ಬ್ಯಾಡ ಅನ್ನೋಕೆ ಬಾಯಿ ಬರ್ಲಿಲ್ಲ." ಕಣ್ಣು ತುಂಬಿ ಬಂತು. ಅವಳು ಒಂದೊಂದೇ ಹಗ್ಗದ ಬುಡ ಮುಟ್ಟಿ, ಅಲ್ಲಾಡಿಸಿ ನೋಡಿದಳು.

"ಏನೂ ಆಗಿಲ್ಲ ದೊಡ್ಡಮ್ಮ. ಗಾಳಿಗೆ ಹಗ್ಗ ಬಾಗ್ಲೇಬೇಕು, ಬಾಗೋದಕ್ಕೇ ಅದನ್ನ ಹಾಕಿರೋದು. ನೀನು ಯಾರ್ಗೂ ಬ್ಯಾಡ ಅನ್ನಲ್ಲ ಅಂತ ನಂಗೊತ್ತಿಲ್ವಾ? ಒಂದು ಫ್ಲೆಕ್ಸಿನ ಭಾರಾನೂ ಸೇರಿಸ್ಕೊಂಡೇ ಬಿಗಿಸಿದ್ದೆ."

ಬೆಳಿಗ್ಗೆಯಿಂದ ಎದೆಯ ಮೇಲಿದ್ದ ಕಲ್ಲು ಇಳಿದಂತಾಯಿತು. ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು ನಗತೊಡಗಿದೆ.

"ಹಂಗಾದ್ರೆ ಅವ್ರ ಮುಖ ಕತ್ತರಿಸಿದ್ದು ದಂಡ ಆಯ್ತೇನೇ?"

ಅವಳು ಜೋತಾಡುತ್ತಿದ್ದ ಮುಖವನ್ನೊಮ್ಮೆ ನೋಡಿದಳು. "ಅದೊಂದು ಮಾತ್ರ ನನ್ ಲೆಕ್ಕದಲ್ಲಿ ಇರ್ಲಿಲ್ಲ."