ಬೇಸಿಗೆ ಟೊಮೆಟೊ ಹಾಕಿದ ವರ್ಷ

ಹೆಂಡತಿ ತೀರಿಕೊಂಡ ಮೂರನೆಯ ತಿಂಗಳಿಗೆ ನಾನು ಒಂದು ಎಕರೆ ಟೊಮೆಟೊ ನೆಟ್ಟೆ. ಮರಾಠಿ ಸೀಮೆಯ ನಮ್ಮ ತುರೋರಿ ಕಡೆ ಅದು ಮಳೆಗಾಲ ಮುಗಿಯುವಾಗ ನೆಟ್ಟು ಚಳಿಯಲ್ಲಿ ಕೀಳುವ ಬೆಳೆ. ಬೇಸಿಗೆಯಲ್ಲಿ ಮನೆಮಟ್ಟಿಗೆ ನಾಲ್ಕು ಸಾಲು ಹಾಕುತ್ತಿದ್ದವಳು ಅವಳು. ಅದರ ಗೊಡವೆಗೆ ನಾನು ಹೋದವನಲ್ಲ. ಆದರೆ ಆ ವರ್ಷ ಬೆಳಗಾದರೆ ಹೋಗಲು ನನಗೊಂದು ಜಾಗ ಬೇಕಿತ್ತು. ಬಾವಿಯಲ್ಲಿ ನೀರಿತ್ತು. ನೀರಿದ್ದರೆ ಸಾಕು ಅಂದುಕೊಂಡೆ.

ನಮ್ಮ ಮನೆಯ ಮಾತು ಕನ್ನಡ. ಹೊಸ್ತಿಲು ದಾಟಿದರೆ ಮರಾಠಿ. ಅಂಗಡಿಯಲ್ಲಿ, ಉಮರ್ಗಾದ ಬಸ್ಸಿನಲ್ಲಿ, ಪಕ್ಕದ ಹೊಲದವನೊಡನೆ ಎಲ್ಲ ಮರಾಠಿಯೇ. ಅವಳಿದ್ದಾಗ ಈ ಎರಡರ ನಡುವೆ ಹೋಗಿ ಬರುವುದು ಗೊತ್ತೇ ಆಗುತ್ತಿರಲಿಲ್ಲ. ಅವಳು ಹೋದ ಮೇಲೆ ಮನೆಯೊಳಗೆ ಮಾತೇ ಇಲ್ಲವಾಯಿತು. ಮಗಳನ್ನು ಶಿರೂರ ಅನಂತಪಾಳಕ್ಕೆ ಕೊಟ್ಟಿದ್ದೇವೆ. ಆ ಮನೆಯವರಿಗೆ ಕನ್ನಡ ಬಾರದು. ಹತ್ತಿರ ಅತ್ತೆ ಕೂತಿರುತ್ತಾರೆಂದು ಅವಳು ಫೋನಿನಲ್ಲಿ ಮರಾಠಿಯಲ್ಲೇ "ಬಾಬಾ, ಜೇವಲಾತ್ ಕಾ?" ಎಂದು ಊಟದ ವಿಚಾರ ಕೇಳುತ್ತಿದ್ದಳು. ನಾನೂ ಅದರಲ್ಲೇ ಆಯಿತೆನ್ನುತ್ತಿದ್ದೆ. ಹೀಗೆ ವಾರಗಟ್ಟಲೆ ನನ್ನ ಬಾಯಿಂದ ಒಂದು ಕನ್ನಡ ಶಬ್ದ ಹೊರಡದೆ ದಿನ ಕಳೆದವು.

ಗಿಡಗಳು ಮೊದಲು ಚೆನ್ನಾಗಿಯೇ ಬಂದವು. ಮಾರ್ಚಿನಲ್ಲಿ ಸೊಂಟದವರೆಗೆ ಬೆಳೆದು ಹಳದಿ ಹೂ ಬಿಟ್ಟವು. ಆಮೇಲೆ ಬಿಸಿಲು ಏರಿತು. ಹತ್ತು ಗಂಟೆಗೆಲ್ಲ ಎಲೆಗಳು ಸುರುಳಿಯಾಗುತ್ತಿದ್ದವು. ಹೂವಿನ ತೊಟ್ಟು ಗಂಟಿನ ಹತ್ತಿರ ಹಳದಿಗಟ್ಟಿ, ಬೆರಳು ತಾಕಿದರೆ ಕಳಚಿ ಬೀಳುತ್ತಿತ್ತು. ನೀರು ಕಡಿಮೆಯಾಯಿತೆಂದು ಹೆಚ್ಚು ಬಿಟ್ಟೆ. ಔಷಧದ ಅಂಗಡಿಯವನು ಕೊಟ್ಟದ್ದನ್ನು ಸಿಂಪಡಿಸಿದೆ. ಸೂರ್ಯ ಮುಳುಗಿದ ಮೇಲೂ ನೆಲ ತಣಿಯದ ದಿನಗಳವು, ಹೂ ನಿಲ್ಲಲಿಲ್ಲ. ಮೊದಲೇ ಕಚ್ಚಿದ್ದ ಕಾಯಿಗಳ ಒಂದು ಮಗ್ಗುಲು ಸುಟ್ಟು ಬೆಳ್ಳಗಾಗಿ ಮೆತ್ತಗಾಯಿತು. ಪ್ರತಿ ಗಿಡದಲ್ಲೂ ಸುಟ್ಟದ್ದು ಪಡುವಣ ಮಗ್ಗುಲೇ. ಅದನ್ನು ಕಂಡೆ, ಆದರೆ ಯೋಚಿಸಲಿಲ್ಲ.

ಏಪ್ರಿಲ್ ಕೊನೆಗೆ ಕುರಿಗಳು ಬಂದವು. ಬೀರಪ್ಪ ದೇವರ ಒಕ್ಕಲಿನ ಕುರುಬ ಗಂಡಹೆಂಡತಿ, ವರ್ಷಕ್ಕೊಮ್ಮೆ ನಮ್ಮ ಬೀಳು ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿ ಕೂಡಿಸುವವರು. ಗಂಡ ಹಿಂಡಿನ ಹಿಂದೆ ಉಳಿದ. ಆಕೆ ಬದುವಿನ ಮೇಲೆ ನಿಂತು ನಗುತ್ತಾ ಅತ್ತಿಗೆಯನ್ನು ಕೇಳಿದಳು:

"ಅಣ್ಣಾರ, ವೈನಿ ಎಲ್ಲಿ? ಕಾಣವಲ್ಲರು."

ಆ ಸಾವಿನ ಸುದ್ದಿಯನ್ನು ಮರಾಠಿಯಲ್ಲಿ ಎಷ್ಟು ಜನಕ್ಕೆ ಹೇಳಿದ್ದೆನೋ. ಎಲ್ಲರಿಗೂ ಹೇಳುವ ಒಂದು ಸಾಲು ಬಾಯಿಗೆ ರೂಢಿಯಾಗಿತ್ತು. ಕನ್ನಡದಲ್ಲಿ ಯಾರೂ ಕೇಳಿರಲೇ ಇಲ್ಲ.

"ಹೋದ್ಳವಾ," ಅಂದೆ. "ಕಾರ್ತೀಕದಾಗ."

ಆಕೆ ಅಲ್ಲೇ ಕೂತುಬಿಟ್ಟಳು. ಸೆರಗು ಬಾಯಿಗೆ ಹಿಡಿದು ಬಹಳ ಹೊತ್ತು ಅತ್ತಳು. ನಾನೂ ಎದುರಿಗೆ ಕೂತೆ. ಮನೆಗೆ ಅಷ್ಟು ಜನ ಬಂದು ಹೋಗಿದ್ದರೂ ಬಾರದ ಅಳು ನನಗೆ ಆಗ ಬಂತು.

ಕಣ್ಣೊರೆಸಿಕೊಂಡು ಎದ್ದು ಆಕೆ ಟೊಮೆಟೊ ಸಾಲಿನೊಳಗೆ ನಡೆದಳು. ಒಂದು ಕಾಯಿ ತಿರುಗಿಸಿ ನೋಡಿದಳು.

"ಈ ಸಲ ಮಕ್ಕಾ ಹಾಕಿಲ್ಲೇನ್ರೀ?"

"ಯಾವ ಮಕ್ಕಾ?"

"ವೈನಿ ಹಾಕ್ತಿದ್ರಲ್ರೀ, ಹೊತ್ತು ಮುಳಗೋ ಕಡಿ. ಮಧ್ಯಾಹ್ನ ಮ್ಯಾಲಿನ ಬಿಸಿಲಿಗಿ ಟಮಾಟಿಗಿ ನೆಳ್ಳ ಆಗ್ತದ ಅಂತಿದ್ರು. ಸಂಕ್ರಾಂತಿಗೇ ಬೀಜ ಊರ್ತಿದ್ರಂತ. ಆಮ್ಯಾಗ ಆ ದಂಟು ನಮ್ಮ ಕುರಿಗಿ ಕೊಡ್ತಿದ್ರು."

ಮೆಕ್ಕೆಜೋಳದ ಆ ಸಾಲನ್ನು ಎಷ್ಟೋ ವರ್ಷ ನೋಡಿದ್ದೆ. ತೆನೆ ಸುಟ್ಟು ತಿನ್ನಲು ಹಾಕುತ್ತಾಳೆಂದೇ ತಿಳಿದಿದ್ದೆ.

"ನಂಗ ಗೊತ್ತಿದ್ದಿಲ್ಲ ತಂಗಿ," ಅಂದೆ.

"ನೀವು ಕೇಳಿಲ್ಲ, ಅವರು ಹೇಳಿಲ್ಲ," ಅಂದಳು. ಅದರಲ್ಲಿ ಚುಚ್ಚುಮಾತೇನೂ ಇರಲಿಲ್ಲ.

ಎಂಟು ದಿನ ಅವರಿದ್ದರು. ದಿನಾ ಮುಂಜಾನೆ ಬೇಗ ಹೊಲಕ್ಕೆ ಹೋಗುತ್ತಿದ್ದೆ. ಕುರಿ, ಮಳೆ, ಹಾದಿ ಎಂದು ಏನೇನೋ ಮಾತಾಡುತ್ತಿದ್ದೆವು. ಅವರು ಹೋದ ಮರುದಿನ ಮಧ್ಯಾಹ್ನ ಗಾಳಿ ಎದ್ದು ಅಕಾಲದ ಅವಕಾಳಿ ಮಳೆ ಬಿತ್ತು. ಬಿಸಿಲಿಗೆ ಬಾಡಿ ನಿಂತಿದ್ದ ಗಿಡಗಳು ಒಮ್ಮೆಲೇ ನೀರು ಕುಡಿದವು. ಉಳಿದಿದ್ದ ಹಣ್ಣುಗಳು ತೊಟ್ಟಿನ ಸುತ್ತ ಸೀಳಿದವು. ಇಡೀ ಎಕರೆಯಿಂದ ಆರು ಕ್ರೇಟ್ ಬಂತು. ಒಡೆದದ್ದನ್ನು ಆರಿಸಿ ತೆಗೆಯುವಾಗ ಸಿಟ್ಟು ಬರಲಿಲ್ಲ. ಇಷ್ಟು ವರ್ಷ ಜೊತೆಗಿದ್ದೂ ಅವಳು ಗೊತ್ತಿಟ್ಟುಕೊಂಡಿದ್ದರಲ್ಲಿ ನಾನು ಕೇಳದೆ ಬಿಟ್ಟದ್ದು ಇನ್ನೆಷ್ಟಿದೆಯೋ ಎಂದು ಮಾತ್ರ ಅನಿಸುತ್ತಿತ್ತು.

ಮುಂದಿನ ಸಂಕ್ರಾಂತಿಗೆ ಪಡುವಣ ಬದಿಗೆ ಎರಡು ಸಾಲು ಮೆಕ್ಕೆಜೋಳ ಊರಿ, ಆಮೇಲೆ ಅರ್ಧ ಎಕರೆ ಮಾತ್ರ ಟೊಮೆಟೊ ನೆಟ್ಟೆ. ಬಿಸಿಲು ಹೋದ ವರ್ಷದಷ್ಟೇ ಇತ್ತು. ತೀರಾ ಕಾದ ದಿನಗಳಲ್ಲಿ ಹೂ ಉದುರಿದವು. ಅದನ್ನು ಯಾವ ನೆರಳೂ ತಡೆಯದು. ಆದರೆ ನೆರಳು ಬಿದ್ದ ಸಾಲುಗಳಲ್ಲಿ ಕಾಯಿ ಸುಡಲಿಲ್ಲ, ವಾರಕ್ಕೆರಡು ಸಲ ಕಿತ್ತೆ.

ಕುರಿಯವರು ಮಾತ್ರ ಆ ವರ್ಷ ಬರಲಿಲ್ಲ. ನಿಲಂಗಾ ಕಡೆ ಹೋದರೆಂದು ಯಾರೋ ಅಂದರು. ಮೃಗಶಿರ ಮಳೆ ಹುಟ್ಟುವವರೆಗೂ ದಂಟನ್ನು ಕಡಿಯದೆ ಬಿಟ್ಟೆ. ಕೊನೆಗೆ ಪಕ್ಕದ ಹೊಲದವನು ಎಮ್ಮೆಗೆ ಕೇಳಿದಾಗ ಕಡಿದು ಕೊಟ್ಟೆ. ಹೊರೆ ಕಟ್ಟುತ್ತಾ ಅವನು, ಮುಂದಿನ ಬೇಸಿಗೆಗೂ ಹಾಕುತ್ತೀಯಾ ಎಂದು ಮರಾಠಿಯಲ್ಲಿ ಕೇಳಿದ.

"ಹಾಕ್ತೀನಿ," ಅಂದೆ.

ಅವನಿಗೆ ಅರ್ಥವಾಗಲಿಲ್ಲ. ಮತ್ತೆ ಮರಾಠಿಯಲ್ಲಿ ಹೇಳಿದೆ.