ಬಸವಯ್ಯನವರ ಬಿಳಿ ಇಲಿಗಳ ಪಂಕ್ತಿ

ಚಿಕ್ಕಯ್ಯನಛತ್ರದ ಬಸವಯ್ಯನವರು ಮಠದ ದಾಸೋಹದಲ್ಲಿ ಬಡಿಸುತ್ತಲೇ ಅರ್ಧ ಆಯುಷ್ಯ ಕಳೆದವರು. ಸಾರಿನ ಬಕೆಟ್ ಹಿಡಿದು ಪಂಕ್ತಿಗೆ ಇಳಿದರೆ, ಮೊದಲ ಎಲೆಗೆ ಬಿದ್ದ ಸೌಟು ಕೊನೆಯ ಎಲೆಗೂ ಅಷ್ಟೇ ಬೀಳಬೇಕು. ಒಮ್ಮೆ ಊರಿನ ಸಾಹುಕಾರರು ‘ಸ್ವಲ್ಪ ತಳದಿಂದ ಎತ್ತಿ ಹಾಕು’ ಎಂದಾಗ, ‘ತಳ ಎಲ್ಲಾರ್ಗೂ ಒಂದೇಯ, ಬುದ್ಧಿ’ ಎಂದು ಮುಂದಿನ ಎಲೆಗೆ ಹೋದವರು.

ಮಂಡಿ ಸೋತು ಬಕೆಟ್ ಎತ್ತಲಾಗದೆ ಹೋದಾಗ, ಸಾವಿರದ ಒಂಬೈನೂರ ತೊಂಬತ್ತೆಂಟರ ಸುಮಾರಿಗೆ, ನಂಜನಗೂಡಿನ ಒಂದು ಕಾಲೇಜಿನಲ್ಲಿ ಅವರಿಗೆ ಹಗುರವಾದ ಕೆಲಸ ಸಿಕ್ಕಿತು. ಪ್ರಯೋಗದ ಬಿಳಿ ಇಲಿಗಳಿಗೆ ಕಾಳು, ನೀರು ಇಡುವುದು, ಗೂಡು ತೊಳೆಯುವುದು. ಬೇರೆಯವರು ಕೈ ಹಾಕಿದರೆ ಕಚ್ಚುವ ಇಲಿಗಳು ಅವರ ಅಂಗೈಯಲ್ಲಿ ಕುಳಿತು ಮೀಸೆ ತೀಡಿಕೊಳ್ಳುತ್ತಿದ್ದವು.

ಅಲ್ಲಿ ಬನ್ನೂರಿನ ಸರ್ವಮಂಗಳಾ ಪಿಎಚ್‌ಡಿ ಮಾಡುತ್ತಿದ್ದಳು. ಅವಳ ಕಡೆಯ ಗದ್ದೆ ಬದುಗಳಲ್ಲಿ ಬೆಳೆಯುವ ಒಂದು ಕಹಿ ಸೊಪ್ಪನ್ನು ಬಿಸಿನೀರಿನಲ್ಲಿ ನೆನೆಸಿ, ಮೈಯಲ್ಲಿ ಗೆಡ್ಡೆಯಾದವರು ಕುಡಿಯುವುದುಂಟು. ಅದು ಗೆಡ್ಡೆಯನ್ನು ತಡೆಯುತ್ತದೆಯೇ, ಹೆಚ್ಚು ಕುಡಿದರೆ ಅಪಾಯವೇ ಎಂದು ಅವಳು ನೋಡಬೇಕಿತ್ತು. ಗೆಡ್ಡೆ ಬರಿಸಿದ ಇಲಿಗಳ ಮೂರು ಸಾಲು. ಒಂದಕ್ಕೆ ಬರೀ ನೀರು, ಒಂದಕ್ಕೆ ತೆಳು ಕಷಾಯ, ಇನ್ನೊಂದಕ್ಕೆ ಗಟ್ಟಿ ಕಷಾಯ.

ತಿಂಗಳು ಕಳೆದು ಅಳೆದರೆ, ಮೂರು ಸಾಲಿನಲ್ಲೂ ಗೆಡ್ಡೆ ಒಂದೇ ಗಾತ್ರ.

ಗೈಡ್ ಕೃಷ್ಣಕುಮಾರ್ ಕನ್ನಡಕ ತೆಗೆದು ಒರೆಸಿದರು. “ಏನಮ್ಮ ಇದು, ಎಲ್ಲಾ ಒಂದೇ ತಾಯಿ ಮಕ್ಕಳ ಹಾಗಿವೆ! ಇನ್ನೊಂದೇ ಸಲ ಮಾಡೋಕೆ ಅವಕಾಶ ಇರೋದು. ಆಗಲೂ ಹೀಗೇ ಬಂದ್ರೆ ಆ ಸೊಪ್ಪನ್ನ ಬಸ್ಸಾರು ಮಾಡ್ಕೊಂಡು ಉಂಡುಬಿಡು. ಪಿಎಚ್‌ಡಿ ಮರೆತುಬಿಡು.”

ಮರುದಿನ ಸರ್ವಮಂಗಳಾ ಬೆಳಗಿನ ಮೊದಲ ಬಸ್ಸಿಗೇ ಬಂದಳು. ಇಲಿಮನೆಯ ಕಿಟಕಿಯಿಂದ ಎಳೆಬಿಸಿಲು ಬಿದ್ದಿತ್ತು. ಬಸವಯ್ಯನವರು ಹೆಗಲಿಗೆ ವಸ್ತ್ರ ಹಾಕಿಕೊಂಡು, ಗಟ್ಟಿ ಕಷಾಯದ ಬಾಟಲಿಗಳಿಂದಲೇ ಒಂದಷ್ಟನ್ನು ಜಗ್ಗಿಗೆ ಬಗ್ಗಿಸಿಕೊಂಡು, ನೀರಿನ ಸಾಲಿಗೆ ಬಡಿಸುತ್ತಾ ಬರುತ್ತಿದ್ದರು.

“ಬೇಕಾ ಮರಿ? ನಾಚ್ಕೋಬ್ಯಾಡ. ನಿಂಗೆ ಸಾಕಾ?”

“ಬಸವಯ್ಯನೋರೇ! ಏನ್ಮಾಡ್ತಿದ್ದೀರಿ?”

“ಬಡುಸ್ತಾವ್ನಿ ಕಣವ್ವ. ಅತ್ಲಾಗಿನ ಸಾಲ್ಗೆ ಗಟ್ಟಿ ಜಾಸ್ತಿ ಆಗ್ಯದೆ, ಇವಕ್ಕೆ ಬರೀ ನೀರು. ಸರಿ ಮಾಡ್ದೆ.”

“ಅಯ್ಯೋ, ಹಂಗೆ ಬೇರೆ ಬೇರೆ ಕೊಟ್ಟರೇನೇ ಹೋಲಿಸಿ ನೋಡೋಕಾಗೋದು!”

“ಓಲಿಸ್ಕೊಂಡು ಒಟ್ಟೆ ಉರ್ಕೊಳ್ಳೋದು ಮನುಸ್ರಿಗೆ ಇರ್ಲಿ ಬುಡವ್ವ. ಒಂದೇ ಮನೇಲಿ ಕುಂತವ್ಕೆ ಪಂಕ್ತಿಭೇದ ಮಾಡ್ಬಾರ್ದು. ಬಡ್ಸೋ ಕೈಗೆ ಪಾಪ ಸುತ್ಕತ್ತದೆ.”

ಅವಳು ಸಿಟ್ಟಾದಳು, ಬೇಡಿಕೊಂಡಳು, ಕೊನೆಗೆ ಅತ್ತಳು. ಅಳು ಕಂಡು ಅವರೂ ಕರಗಿದರು, ಆದರೆ ಒಪ್ಪಲಿಲ್ಲ. “ಬೇಕಾರೆ ನಾ ಕೆಲ್ಸ ಬುಟ್ಟೋಯ್ತೀನಿ ಕಣವ್ವ. ಭೇದ ಮಾತ್ರ ಮಾಡಕಿಲ್ಲ.” ಅವರು ಬಿಟ್ಟರೆ ಬೇರೆ ಯಾರಿದ್ದಾರೆ? ಹಿಂದೊಮ್ಮೆ ಅವರು ರಜೆ ಹಾಕಿದಾಗ ಬಂದ ಚೆಲುವಯ್ಯ ಬೆರಳು ಕಚ್ಚಿಸಿಕೊಂಡು, ಗೂಡು ಕೈಬಿಟ್ಟು, ಇಲಿಗಳನ್ನು ಪ್ರಿನ್ಸಿಪಾಲರ ಕೋಣೆಯವರೆಗೆ ಓಡಿಸಿದ್ದ.

ಎರಡನೆಯ ಸಲದ ಇಲಿಗಳು ಬಂದವು. ಅವಳಿಗೆ ದಾರಿ ಮಾತ್ರ ಹೊಳೆದಿರಲಿಲ್ಲ. ಅದು ಕಾರ್ತಿಕದ ಸೋಮವಾರ. ಅವಳ ಬಾಡಿದ ಮುಖ ನೋಡಲಾರದೆ ಬಸವಯ್ಯನವರು ತಮ್ಮ ಬುತ್ತಿಯ ಉಪ್ಪಿಟ್ಟನ್ನು ತಟ್ಟೆಗೆ ಹಾಕಿ ಮುಂದೆ ಇಟ್ಟರು.

“ಬೇಡಿ, ಇವತ್ತು ಉಪವಾಸ ನಾನು.”

ಅವರು ಕೆಂಡ ಮುಟ್ಟಿದವರಂತೆ ತಟ್ಟೆ ಹಿಂದಕ್ಕೆ ಎಳೆದುಕೊಂಡರು. “ಸಿವಸಿವಾ, ತೆಪ್ಪಾಯ್ತು ತಾಯಿ. ವ್ರತ ಇಡ್ದೋರ ಮುಂದೆ ತಟ್ಟೆ ಇಟ್ಬುಟ್ನಲ್ಲ.”

ಸರ್ವಮಂಗಳಾ ಆ ತಟ್ಟೆಯನ್ನೇ ನೋಡಿದಳು. ಆಮೇಲೆ ನೀರಿನ ಸಾಲಿನ ಕಡೆ ಕೈ ತೋರಿಸಿದಳು. “ಇವೂ ವ್ರತ ಹಿಡಿದಿವೆ ಬಸವಯ್ಯನೋರೆ. ಕಾಳು, ನೀರು ಬಿಟ್ಟು ಬೇರೇನೂ ಮುಟ್ಟಂಗಿಲ್ಲ. ತೆಳು ಕಷಾಯದ ಸಾಲಿನವು ಒಪ್ಪೊತ್ತು.”

ಅವರು ಅನುಮಾನದಿಂದ ನೋಡಿದರು. “ಸಂಕಲ್ಪ ಮಾಡಿದ್ದು ಯಾರು?”

“ನಾನು. ಅವುಗಳ ಪರವಾಗಿ.”

“ಪಾರಣೆ ಯಾವತ್ತು?”

“ಅಳತೆ ಮುಗಿದ ದಿನ. ಆವತ್ತು ನೀವೇ ಕಷಾಯ ಬಡಿಸಿ.”

ಮರುದಿನ ಆ ಸಾಲಿನ ಪ್ರತಿ ಗೂಡಿನ ಮೇಲೂ ಮೂರೆಳೆ ವಿಭೂತಿ ಇತ್ತು. ಕೃಷ್ಣಕುಮಾರ್ ದಂಗಾಗಿ ಕೇಳಿದರು. ಸರ್ವಮಂಗಳಾ, “ಕಂಟ್ರೋಲ್ ಗುಂಪು ಸಾರ್. ಚೀಟಿ ಒದ್ದೆಯಾಗಿ ಕಿತ್ತು ಹೋಗ್ತಿತ್ತು” ಎಂದಳು. ಅವರು, “ಎಲ್ಲ ಸಾಲಿಗೂ ಏನಾದರೊಂದು ಬಳಿದುಬಿಡಿ, ಸಮ ಇರಲಿ” ಎಂದರು. ಆ ಮಾತಿನಿಂದ ಬಸವಯ್ಯನವರ ಕಣ್ಣಿಗೆ ಕೃಷ್ಣಕುಮಾರ್ ತುಂಬ ದೊಡ್ಡವರಾದರು.

ಈ ಸಲ ಸಾಲುಗಳು ಬೇರೆಯಾದವು. ಗಟ್ಟಿ ಕಷಾಯ ಕುಡಿದ ಇಲಿಗಳು ಒಂದಿಷ್ಟು ಬಡವಾದರೂ ಚುರುಕಾಗಿದ್ದವು. ಕಷಾಯ ಕುಡಿದ ಎರಡೂ ಸಾಲುಗಳಲ್ಲಿ ಗೆಡ್ಡೆ ಕರಗಲಿಲ್ಲ, ಆದರೆ ಬೆಳೆಯುವುದು ನಿಧಾನವಾಯಿತು. ವ್ರತದ ಸಾಲಿನಲ್ಲಿ ಒಂದೊಂದೇ ಗೂಡು ಖಾಲಿಯಾಗುತ್ತಾ ಬಂತು. ಅಂಥ ಗೂಡನ್ನು ತೊಳೆಯುವಾಗ ಬಸವಯ್ಯನವರು ಅದರ ಮೇಲಿನ ವಿಭೂತಿಯನ್ನು ಒರೆಸದೆ ಬಿಡುತ್ತಿದ್ದರು.

ಕೊನೆಯ ಅಳತೆ ಮುಗಿದ ದಿನ ಕೃಷ್ಣಕುಮಾರ್ “ಇನ್ನು ಬರೆಯೋಕೆ ಕೂರಮ್ಮ” ಎಂದರು. ಅವಳು ನೇರ ಇಲಿಮನೆಗೆ ಬಂದು ಕಷಾಯದ ಜಗ್ಗನ್ನು ಬಸವಯ್ಯನವರ ಕೈಗಿತ್ತಳು.

“ಒಂದು ಮಾತು ಕೇಳ್ತೀನಿ ಕಣವ್ವ. ಅಷ್ಟು ಕಟ್ಟುನಿಟ್ಟಾಗಿ ವ್ರತ ಮಾಡ್ದವಲ್ಲ. ಫಲ ಯಾರ್ಗೆ ಬಂತು?”

ಅವಳು ಖಾಲಿ ಗೂಡುಗಳ ಕಡೆ ನೋಡಿದಳು. “ನನಗೆ,” ಎಂದಳು.

ಅವರು ತಲೆಯಾಡಿಸಿ, ಹೆಗಲ ವಸ್ತ್ರ ಸರಿಮಾಡಿಕೊಂಡು, ವಿಭೂತಿಯ ಸಾಲಿನಲ್ಲಿ ಉಳಿದಿದ್ದ ಇಲಿಗಳ ಕಡೆ ಬಾಗಿದರು.

“ಬೇಕಾ ಮರಿ? ನಾಚ್ಕೋಬ್ಯಾಡ.”